ಹಾಸನದಂಥ ಊರಲ್ಲಿ ಬರಹಗಾರರ ಬಳಗ: ಕಟ್ಟುವುದು, ನಡೆಸುವುದು, ಮುಗ್ಗರಿಸಿದಾಗ ಎತ್ತುವುದು

ಹಾಸನ ಜಿಲ್ಲೆಯಲ್ಲಿ ಸಾಹಿತ್ಯದ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ನವೆಂಬರ್ ಹುಟ್ಟಿತೆಂದರೆ ಒಂದೇ ಭಾನುವಾರ ಎರಡು ಕವಿಗೋಷ್ಠಿ, ಒಂದು ಪುಸ್ತಕ ಬಿಡುಗಡೆ, ಒಂದು ಸನ್ಮಾನ. ಸಿಗದೇ ಇರುವುದು, ಕಥೆಯೊಂದನ್ನು ಮೇಜಿನ ಮೇಲಿಟ್ಟು “ಮೂರನೇ ಪುಟದ ಹೊತ್ತಿಗೆ ಸುಸ್ತಾಯಿತು ಸರ್, ಆ ಮದುವೆ ಪ್ರಸಂಗ ತೆಗೆದು ನೋಡಿ” ಎಂದು ಹೇಳಬಲ್ಲ ಆರು ಜನ. ಅಂಥ ಆರು ಜನರನ್ನು ಸೇರಿಸಿ, ಎರಡು ಮೂರು ವರ್ಷ ಚದುರದಂತೆ ನೋಡಿಕೊಳ್ಳುವ ಬಗೆಯನ್ನು ಇಲ್ಲಿ ಬರೆದಿದೆ. ಬಳಗ ಹಾಳಾಗುವುದು ಸಾಮಾನ್ಯವಾಗಿ ಜಗಳದಿಂದಲ್ಲ. ಹಸ್ತಪ್ರತಿ ಓದುವ ಕೆಲಸ ಮೆಲ್ಲಗೆ ಹಿಂದೆ ಸರಿದು ಮೈಕು, ಶಾಲು, ನೆನಪಿನ ಕಾಣಿಕೆ ಮುಂದೆ ಬಂದಾಗ. ಕೆಳಗಿನ ಕಟ್ಟುಪಾಡುಗಳಲ್ಲಿ ಹೆಚ್ಚಿನವು ಅದನ್ನು ತಡೆಯುವುದಕ್ಕೇ ಇವೆ.

ಎಷ್ಟು ಜನ, ಎಂಥವರು

ಹೆಸರು ಕೊಟ್ಟವರು ಹತ್ತು ಹನ್ನೆರಡು, ಪ್ರತಿ ಸಲ ಬರುವವರು ಆರರಿಂದ ಎಂಟು. ಇದಕ್ಕಿಂತ ಹೆಚ್ಚು ಬೇಡ. ಲೆಕ್ಕ ಹಾಕಿ ನೋಡಿ. ಎರಡು ಗಂಟೆಯಲ್ಲಿ ಮೂರು ಬರಹ. ಒಂದು ಬರಹದ ಮೇಲೆ ಏಳು ಜನ ತಲಾ ಮೂರು ನಿಮಿಷ ಮಾತಾಡಿದರೆ 21 ನಿಮಿಷ, ಓದುವುದಕ್ಕೆ ಹತ್ತು, ಬರೆದವರ ಮಾತಿಗೆ ನಾಲ್ಕು: ಒಟ್ಟು 35. ಮೂರಕ್ಕೆ 105, ಮಿಕ್ಕ ಕಾಲು ಗಂಟೆ ಕಾಫಿಗೆ. ಹದಿನಾಲ್ಕು ಜನ ಕೂತರೆ ಒಂದೇ ಬರಹ ಮುಕ್ಕಾಲು ಗಂಟೆ ದಾಟುತ್ತದೆ, ಮೂರನೆಯವರ ಕಥೆ ‘ಮುಂದಿನ ತಿಂಗಳು ನೋಡೋಣ’ ಆಗುತ್ತದೆ. ಹಾಗೆ ಎರಡು ಸಲ ಆದರೆ ಆ ಮೂರನೆಯವರು ಬರುವುದಿಲ್ಲ. ಐದಕ್ಕಿಂತ ಕಡಿಮೆಯಾದರೂ ಕಷ್ಟ. ಇಬ್ಬರ ಅಭಿರುಚಿಯೇ ಬಳಗದ ಅಭಿರುಚಿಯಾಗಿಬಿಡುತ್ತದೆ.

ಜನರನ್ನು ಹುಡುಕಲು ಜಿಲ್ಲಾ ಕೇಂದ್ರ ಗ್ರಂಥಾಲಯದ ಸೂಚನಾ ಫಲಕ, ಪ್ರಥಮ ದರ್ಜೆ ಕಾಲೇಜುಗಳ ಕನ್ನಡ ವಿಭಾಗ, ಪುಸ್ತಕದಂಗಡಿ, ಸ್ಥಳೀಯ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣ ಸಾಕು. ಪ್ರಕಟಣೆಯಲ್ಲಿ ‘ಸಾಹಿತ್ಯಾಸಕ್ತರಿಗೆ ಸ್ವಾಗತ’ ಎಂದು ಬರೆಯಬೇಡಿ, ಸಾಹಿತ್ಯದಲ್ಲಿ ಆಸಕ್ತಿ ಇಲ್ಲವೆನ್ನುವವರು ಈ ಜಿಲ್ಲೆಯಲ್ಲಿ ಯಾರೂ ಸಿಗುವುದಿಲ್ಲ. ‘ಬರುವಾಗ ನೀವೇ ಬರೆದ ಎರಡು ಪುಟ, ಮೂರು ಜೆರಾಕ್ಸ್ ಪ್ರತಿ ತನ್ನಿ’ ಎಂದು ಬರೆಯಿರಿ. ಅರ್ಧ ಜನ ಅಲ್ಲೇ ಸೋಸಿಹೋಗುತ್ತಾರೆ. ಮೊದಲ ಸಭೆಗೆ ಇಪ್ಪತ್ತೈದು ಜನ ಬಂದು ಮೂರನೆಯದಕ್ಕೆ ಎಂಟಕ್ಕೆ ಇಳಿದರೆ ಗಾಬರಿ ಬೇಡ, ಆ ಎಂಟೇ ನಿಮ್ಮ ಬಳಗ.

ಮೇಷ್ಟ್ರುಗಳೇ ತುಂಬಿಕೊಳ್ಳದಂತೆ ನೋಡಿಕೊಳ್ಳಿ. ಕನ್ನಡ ಅಧ್ಯಾಪಕರು ಮೂವರಿದ್ದರೆ ಒಬ್ಬ ಬೆಳೆಗಾರ, ಒಬ್ಬ ಸ್ಟಾಫ್ ನರ್ಸ್, ಒಬ್ಬ ಕಂಡಕ್ಟರ್, ಒಬ್ಬ ಇಂಜಿನಿಯರಿಂಗ್ ಹುಡುಗಿ ಇರಲಿ. ಕಥೆಯಲ್ಲಿ ಡ್ರಿಪ್ ಹಾಕುವ ಪ್ರಸಂಗ ಬಂದಾಗ ಅದು ಹಾಗಲ್ಲ ಎನ್ನುವವರು ಬೇಕು.

ದಿನ, ಹೊತ್ತು, ಜಾಗ

ಎರಡನೇ ಶನಿವಾರ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ. ಇದಕ್ಕೆ ಕಾರಣಗಳಿವೆ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ. ಶಾಲೆಗಳಿಗೆ ಶನಿವಾರ ಬೆಳಗಿನ ತರಗತಿಯಾದ್ದರಿಂದ ಮೇಷ್ಟ್ರುಗಳು ಮಧ್ಯಾಹ್ನಕ್ಕೆ ಬಿಡುವಾಗುತ್ತಾರೆ. ಭಾನುವಾರ ಇಟ್ಟರೆ ಮದುವೆ, ಗೃಹಪ್ರವೇಶ, ತಿಥಿ ಯಾವುದಾದರೊಂದು ಅಡ್ಡ ಬಂದೇ ಬರುತ್ತದೆ. ಬೇಲೂರು, ಸಕಲೇಶಪುರ ಎರಡೂ ಹಾಸನದಿಂದ ಸುಮಾರು 40 ಕಿಲೋಮೀಟರ್. ಅಲ್ಲಿ ಇಳಿದು ಮತ್ತೆ ಹಳ್ಳಿಗೆ ಹೋಗುವ ಬಸ್ಸು ಹಿಡಿಯಬೇಕಾದವರು ಐದಕ್ಕೆ ಹೊರಟರೂ ಕತ್ತಲಾಗುತ್ತದೆ. ಆಲೂರು, ಸಕಲೇಶಪುರದ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯುವುದೆಂದರೆ ಆನೆಯ ಭಯ, ಅದು ನೆಪವಲ್ಲ. ಸಭೆ ಸಂಜೆ ಐದೂವರೆಗಿಟ್ಟ ಬಳಗಗಳಲ್ಲಿ ಕೊನೆಗೆ ಉಳಿಯುವುದು ಪೇಟೆಯ ಗಂಡಸರು ಮಾತ್ರ.

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರದಿಂದ ಬಲಿಪಾಡ್ಯಮಿ ಮುಗಿಯುವ ತನಕ ಪೇಟೆಯೊಳಗೆ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಆ ತಿಂಗಳ ಸಭೆಯನ್ನು ಬೇಲೂರಿಗೋ ಅರಸೀಕೆರೆಗೋ ಒಯ್ಯಿರಿ.

ಒಮ್ಮೆ ಗೊತ್ತು ಮಾಡಿದ ದಿನವನ್ನು ಬದಲಿಸಬೇಡಿ. “ಈ ತಿಂಗಳು ಯಾವಾಗ ಸೇರೋಣ?” ಎಂದು ಗ್ರೂಪಿನಲ್ಲಿ ಕೇಳಿದ ದಿನವೇ ಆ ತಿಂಗಳ ಸಭೆ ಮುಗಿಯಿತು ಎಂದುಕೊಳ್ಳಿ. ಹನ್ನೆರಡು ಉತ್ತರ ಬರುತ್ತವೆ, ಹನ್ನೆರಡೂ ಬೇರೆ.

ಜಾಗಕ್ಕೆ ಬೇಕಾದದ್ದು ಒಂದು ದೊಡ್ಡ ಮೇಜು, ಎಂಟು ಕುರ್ಚಿ, ಬೆಳಕು, ಶೌಚಾಲಯ. ಗ್ರಂಥಾಲಯದ ವಾಚನಾಲಯ ಆಗದು, ಗಟ್ಟಿಯಾಗಿ ಓದಬೇಕಲ್ಲ. ಹೋಟೆಲಿನಲ್ಲಿ ಮುಕ್ಕಾಲು ಗಂಟೆಯ ಮೇಲೆ ಸಪ್ಲೈಯರ್ ಬಂದು ನಿಲ್ಲುತ್ತಾನೆ. ಶಾಲೆಯ ಕೊಠಡಿ ಒಳ್ಳೆಯದು: ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಕೊಟ್ಟು ವರ್ಷಕ್ಕೆ ಒಮ್ಮೆ ಒಪ್ಪಿಗೆ ಪಡೆಯಿರಿ, ಹೋಗುವಾಗ ಬೆಂಚು ಇದ್ದಲ್ಲಿಗೆ ಸರಿಸಿ, ಫ್ಯಾನ್ ಆರಿಸಿ, ಕರಿಹಲಗೆಯ ಮೇಲಿನ ಪಾಠ ಅಳಿಸಬೇಡಿ. ಶೀಟಿನ ಮಾಡಿನ ಕಟ್ಟಡ ಮಾತ್ರ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿದ್ದಾಗ ಎದುರು ಕೂತವರ ಮಾತೂ ಕೇಳಿಸುವುದಿಲ್ಲ, ಕವಿತೆಯಂತೂ ಹೋಗೇಹೋಯಿತು. ಆರ್‌ಸಿಸಿ ಇರಲಿ, ಕರೆಂಟು ಹೋದರೂ ಓದುವಂತೆ ಕಿಟಕಿ ಪಕ್ಕ ಮೇಜಿರಲಿ.

ಸರದಿಯ ಮೇಲೆ ಮನೆಗಳಲ್ಲಿ ಸೇರುವುದು ಮೇಲ್ನೋಟಕ್ಕೆ ಚೆಂದ. ಆದರೆ ಆ ಮನೆಯ ಹೆಣ್ಣುಮಗಳು, ಅವಳೇ ಕಥೆ ಬರೆದಿದ್ದರೂ, ಉಪ್ಪಿಟ್ಟು ಕೇಸರಿಬಾತಿನ ಹಿಂದೆ ಅಡುಗೆಮನೆಯಲ್ಲಿರುತ್ತಾಳೆ. ಮುಂದಿನ ಸಲದವರು ಅದಕ್ಕಿಂತ ಒಂದು ತಿಂಡಿ ಹೆಚ್ಚು ಮಾಡುತ್ತಾರೆ. ಮನೆಯಲ್ಲೇ ಸೇರುವುದಾದರೆ ಫ್ಲಾಸ್ಕಿನ ಕಾಫಿ, ಒಂದು ಪ್ಯಾಕೆಟ್ ಬಿಸ್ಕತ್ತು, ಅಷ್ಟೇ ಎಂದು ಬರೆದಿಡಿ.

ಹಸ್ತಪ್ರತಿ

ಕಥೆ 1,500 ಪದದೊಳಗೆ, ಪ್ರಬಂಧ 1,000, ಕವಿತೆಯಾದರೆ ಒಂದು ಸಲಕ್ಕೆ ಎರಡು, ಒಟ್ಟು 40 ಸಾಲು ಮೀರದಂತೆ. ಕನ್ನಡದಲ್ಲಿ ಗಟ್ಟಿಯಾಗಿ ಓದಿದರೆ ನಿಮಿಷಕ್ಕೆ 90–100 ಪದ ಸಾಗುತ್ತದೆ, ನಾಲ್ಕು ಸಾವಿರ ಪದದ ಕಥೆ ತಂದವರು ಮುಕ್ಕಾಲು ಗಂಟೆ ಓದುತ್ತಲೇ ಇರುತ್ತಾರೆ. ಉದ್ದದ ಕಥೆಯಾದರೆ ಎರಡು ಕಂತು ಮಾಡಿ.

ಎ4 ಹಾಳೆ, 14 ಪಾಯಿಂಟ್ ಅಕ್ಷರ, ಒಂದೂವರೆ ಸಾಲಂತರ, ಎಡಕ್ಕೆ ಒಂದೂವರೆ ಇಂಚು ಅಂಚು, ಪುಟಸಂಖ್ಯೆ, ಸಾಲುಗಳ ಸಂಖ್ಯೆ. ಸಾಲಿನ ಸಂಖ್ಯೆ ಇದ್ದರೆ “ಎಲ್ಲೋ ಮಧ್ಯದಲ್ಲಿ ಸ್ವಲ್ಪ ಎಳೆದ ಹಾಗಾಯ್ತು” ಎನ್ನುವವರನ್ನು “ಯಾವ ಸಾಲು?” ಎಂದು ಕೇಳಬಹುದು. ಸಭೆಗೆ ಐದು ದಿನ ಮೊದಲು ಪಿಡಿಎಫ್ ತಲುಪಬೇಕು. ಐದನೇ ದಿನ ರಾತ್ರಿಯ ನಂತರ ಬಂದದ್ದು ಮುಂದಿನ ತಿಂಗಳಿಗೆ. ಈ ವಿಷಯದಲ್ಲಿ ಒಬ್ಬರಿಗೆ ವಿನಾಯಿತಿ ಕೊಟ್ಟರೆ ಎಲ್ಲರೂ ಸಭೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಬರೆಯಲು ಶುರುಮಾಡುತ್ತಾರೆ.

ಫೈಲಿನ ತೊಂದರೆ ದಿನಾ ಇದ್ದದ್ದೇ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದು ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ, ಆದ್ದರಿಂದ ಓದಲು ಕಳಿಸುವುದು ಪಿಡಿಎಫ್ ಮಾತ್ರ. ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವೊತ್ತು ಸರಿಯಾಗಿ ಕೂತಿದೆಯೇ, ಅನುಸ್ವಾರದ ಸೊನ್ನೆ ಇರಬೇಕಾದ ಕಡೆ ಅಂಕಿಯ ಸೊನ್ನೆ ಬಂದಿದೆಯೇ ನೋಡಿ. ಫೋನಿಗೆ ಮಾತಾಡಿ ಟೈಪ್ ಮಾಡಿಸುವವರು ಇನ್ನೊಂದು ಎಚ್ಚರ ವಹಿಸಬೇಕು: ಅದು ‘ಬತ್ತೀನಿ ಕಣಕ್ಕ’ ಎಂದದ್ದನ್ನು ತನಗೆ ಗೊತ್ತಿರುವ ಪದಕ್ಕೆ ತಿದ್ದಿಬಿಡುತ್ತದೆ, ಪೂರ್ಣವಿರಾಮವನ್ನಂತೂ ಎಷ್ಟೋ ಸಲ ಹಾಕುವುದೇ ಇಲ್ಲ. ಕೈಬರಹದವರನ್ನು ದೂರ ಇಡಬೇಡಿ. ಗೆರೆ ಹಾಳೆಯಲ್ಲಿ ಸಾಲು ಬಿಟ್ಟು ಸಾಲು ಬರೆದು, ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದರೆ ಸಾಕು. ಟೈಪ್ ಬರುವ ಕಿರಿಯರೊಬ್ಬರನ್ನು ಜೊತೆ ಮಾಡಿ.

ಸಭೆ ನಡೆಸುವ ಕ್ರಮ

ಎರಡೂವರೆಗೆ ಮೂವರಿದ್ದರೂ ಶುರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಯಾವುದೂ ಇಲ್ಲ. ಕಥೆಯನ್ನು ಎಲ್ಲರೂ ಓದಿಕೊಂಡೇ ಬಂದಿರುವುದರಿಂದ ಮೊದಲ ಪುಟ ಮಾತ್ರ ಗಟ್ಟಿಯಾಗಿ ಓದಿಸಿ. ಕವಿತೆಯನ್ನು ಎರಡು ಸಲ ಓದಿಸಬೇಕು, ಮೊದಲು ಬರೆದವರು, ಆಮೇಲೆ ಇನ್ನೊಬ್ಬರು. ಎರಡನೆಯವರು ಎಲ್ಲಿ ತಡವರಿಸುತ್ತಾರೋ, ಎಲ್ಲಿ ಉಸಿರು ತಪ್ಪುತ್ತದೋ ಅಲ್ಲಿ ಕವಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಲಿ. ಆಮೇಲೆ ಬರೆದವರು ಸುಮ್ಮನಿರಬೇಕು. “ಅದು ಹಾಗಲ್ಲ, ನಾನು ಹೇಳಹೊರಟಿದ್ದು...” ಎಂದು ಬಾಯಿ ತೆರೆದ ಕೂಡಲೇ ಸಂಚಾಲಕರು ತಡೆಯಬೇಕು. ಕಥೆ ಮಾಸಪತ್ರಿಕೆಯಲ್ಲಿ ಅಚ್ಚಾದಾಗ ಲೇಖಕರು ಓದುಗರ ಪಕ್ಕ ಕೂತು ವಿವರಿಸುವುದಿಲ್ಲ.

ಮಾತಿನ ಸರದಿ ಕಿರಿಯರಿಂದ ಶುರುವಾಗಲಿ, ಹಿರಿಯರದು ಕೊನೆಗೆ. ನಮ್ಮ ಕಡೆ ಇದು ಬಹಳ ಮುಖ್ಯ. ನಿವೃತ್ತ ಪ್ರಾಂಶುಪಾಲರು ಮೊದಲೇ “ಉತ್ತಮ ಪ್ರಯತ್ನ” ಎಂದುಬಿಟ್ಟರೆ ಉಳಿದ ಆರು ಜನ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಮೇಷ್ಟ್ರು ಮತ್ತು ಅವರ ಹಳೆಯ ವಿದ್ಯಾರ್ಥಿ ಒಂದೇ ಮೇಜಿನಲ್ಲಿದ್ದರೆ ಶಿಷ್ಯನ ಬಾಯಿ ಕಟ್ಟಿಹೋಗುತ್ತದೆ. ಇದಕ್ಕೆ ಒಂದು ಉಪಾಯ: ಮಾತು ಶುರುವಾಗುವ ಮೊದಲು ಎರಡು ನಿಮಿಷ ಎಲ್ಲರೂ ಚೀಟಿಯಲ್ಲಿ ಮೂರು ವಾಕ್ಯ ಬರೆಯಲಿ, ಆಮೇಲೆ ಬರೆದದ್ದನ್ನೇ ಓದಲಿ. ಹೆಸರಿಲ್ಲದ ಚೀಟಿಗಳನ್ನು ಕೊನೆಗೆ ಬರಹ ತಂದವರಿಗೆ ಕೊಟ್ಟುಬಿಡಿ. ‘ಸರ್’, ‘ಮೇಡಂ’, ‘ಅಕ್ಕ’ ಎನ್ನುವುದನ್ನು ಬಿಡಿಸಲು ಹೋಗಬೇಡಿ, ಗೌರವ ಇಟ್ಟುಕೊಂಡೇ ತಪ್ಪು ತೋರಿಸಬಹುದು.

ಮೂರು ವಾಕ್ಯದಲ್ಲಿ ಇರಬೇಕಾದದ್ದು: ಓದಿ ಐದು ದಿನವಾದ ಮೇಲೂ ನೆನಪಿನಲ್ಲಿ ಉಳಿದದ್ದು ಏನು, ಯಾವ ಸಾಲಿನಲ್ಲಿ ದಾರಿ ತಪ್ಪಿತು, ಏನು ತಿಳಿಯಲಿಲ್ಲ. ಬೇಡವಾದದ್ದು: ‘ಚೆನ್ನಾಗಿದೆ’, ‘ಇನ್ನೂ ಚೆನ್ನಾಗಿ ಬರೆಯಬಹುದಿತ್ತು’, ‘ನಾನಾಗಿದ್ದರೆ ಹೀಗೆ ಮುಗಿಸುತ್ತಿದ್ದೆ’. ಜೊತೆಗೆ ‘ಇದರ ಸಂದೇಶ ಏನು?’ ಎಂಬ ಪ್ರಶ್ನೆ. ಈ ಒಂದು ಪ್ರಶ್ನೆಗೆ ಹೆದರಿ ಒಳ್ಳೆಯ ಕಥೆಗಳ ಬಾಲಕ್ಕೆ ನೀತಿ ಕಟ್ಟಿದವರು ಬಹಳ. ‘ಇದು ನಿಮ್ಮದೇ ಅನುಭವವೇ?’ ಎಂಬುದನ್ನೂ ನಿಷೇಧಿಸಿ. ಹೆಂಗಸರು ಬರೆದ ಕಥೆಗೆ ಈ ಪ್ರಶ್ನೆ ಹೆಚ್ಚು ಬೀಳುತ್ತದೆ, ಬಿದ್ದ ಮೇಲೆ ಅವರು ಸುರಕ್ಷಿತವಾದ ಕಥೆಗಳನ್ನೇ ತರುತ್ತಾರೆ. ಜಾತಿಯ ಪ್ರಸ್ತಾಪವಿರುವ ಕಥೆಯಲ್ಲಿ ಪಾತ್ರ ನಂಬುವಂತಿದೆಯೇ ಎಂಬುದಷ್ಟೇ ಚರ್ಚೆ, ಬರೆದವರು ಯಾರ ಪೈಕಿ ಎಂಬುದಲ್ಲ.

ಒಂದು ಮಾದರಿ ನೋಡಿ. ಕಾಫಿ ಕೊಯ್ಲಿನ ಕಥೆಯ ಒಂದು ಪ್ಯಾರಾ ಹೀಗೆ ಬಂದಿದೆ ಎಂದುಕೊಳ್ಳಿ (ರೈಟರ್ ಎಂದರೆ ತೋಟದಲ್ಲಿ ಕೂಲಿಯ ಲೆಕ್ಕ ಬರೆಯುವವನು):

“ಸಂಜೆಯ ಹೊಂಗಿರಣಗಳು ತೋಟವನ್ನು ಚುಂಬಿಸುತ್ತಿದ್ದವು. ದಿನವಿಡೀ ದುಡಿದು ಬಸವಳಿದ ಚಂದ್ರಿಯ ಮೊಗದಲ್ಲಿ ಬಡತನದ ನೋವು ಮಡುಗಟ್ಟಿತ್ತು. ರೈಟರ್ ಅವಳಿಗೆ ಎಂದಿನಂತೆ ಮೋಸ ಮಾಡಿದ.”

“ವರ್ಣನೆ ಸೊಗಸಾಗಿದೆ, ಕಾರ್ಮಿಕರ ನೋವು ಮನಮುಟ್ಟಿತು” ಎಂದರೆ ಬರೆದವರಿಗೆ ಏನೂ ಸಿಗಲಿಲ್ಲ. “ಮೂರನೇ ವಾಕ್ಯದಲ್ಲಿ ಮೋಸ ಎಂದಿದೆ. ಹೇಗೆ? ತೂಕದಲ್ಲೋ, ಚೀಲಕ್ಕೆ ಕಳೆಯುವುದರಲ್ಲೋ, ಪುಸ್ತಕಕ್ಕೆ ಏರಿಸುವುದರಲ್ಲೋ?” ಎಂದು ಒಬ್ಬರು ಕೇಳಬೇಕು. ಹಣ್ಣಿಗೆ ಕೂಲಿ ಕೆಜಿ ಲೆಕ್ಕ, ಚೀಲದ ತೂಕ ಕಳೆಯುತ್ತಾರೆ, ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ಓದಿದರೆ ಒಂದೆರಡು ಕೆಜಿ ಹೋಗುತ್ತದೆ ಎಂದು ಬೆಳೆಗಾರರೇ ವಿವರಿಸಬೇಕು, ಮೇಜಿನ ಸುತ್ತ ಬೇರೆ ಬೇರೆ ಕಸುಬಿನವರು ಇರಲಿ ಎನ್ನುವುದು ಇದಕ್ಕೇ. ತಿದ್ದಿ ಬಂದದ್ದು ಹೀಗಿರಬಹುದು:

“ತಕ್ಕಡಿಯ ಮುಳ್ಳು ನಲವತ್ತೆರಡರಲ್ಲಿ ಇನ್ನೂ ನಡುಗುತ್ತಿತ್ತು. ರೈಟರ್ ‘ನಲವತ್ತು’ ಅಂದ, ಬರೆದ. ಚೀಲಕ್ಕೆ ಒಂದು ಕಳೆದರೂ ಇನ್ನೊಂದು ಎಲ್ಲಿ ಹೋಯಿತೆಂದು ಚಂದ್ರಿ ಕೇಳಲಿಲ್ಲ. ಮುಂದಿನ ಮೂಟೆ ಎತ್ತಿ ಕೊಕ್ಕೆಗೆ ಹಾಕಿದಳು.”

ಬಡತನ, ನೋವು, ಮೋಸ ಎಂಬ ಮೂರೂ ಮಾತು ಹೋದವು, ಮೂರೂ ಉಳಿದವು. ಹೊಂಗಿರಣದ ಬಗ್ಗೆ ಯಾರೂ ಬೇಸರ ಪಟ್ಟುಕೊಳ್ಳುವುದಿಲ್ಲ.

ಆಡುಮಾತಿನ ಬಗ್ಗೆ ಒಂದು ಒಪ್ಪಂದ ಬೇಕು. ಹಾಸನ, ಚನ್ನರಾಯಪಟ್ಟಣದ ಕಡೆಯ ‘ಬತ್ತದೆ, ವೋಗ್ತದೆ’, ಸಕಲೇಶಪುರ ಮೂಡಿಗೆರೆಯ ‘ಎಂತ ಮಾರಾಯ’ ಎರಡೂ ಒಂದೇ ಮೇಜಿಗೆ ಬರುತ್ತವೆ. ಸಂಭಾಷಣೆಯಲ್ಲಿ ‘ಆಲು’ ಎಂದು ಬರೆದದ್ದನ್ನು ‘ಹಾಲು’ ಎಂದು ಕೆಂಪು ಶಾಯಿಯಲ್ಲಿ ತಿದ್ದುವ ಕೈ ಯಾವ ಬಳಗದಲ್ಲೂ ಒಂದಿರುತ್ತದೆ. ಸಂಭಾಷಣೆಗೆ ಕೈ ಹಾಕಬೇಡಿ ಎಂದು ಮೊದಲೇ ಹೇಳಿ. ನೋಡಬೇಕಾದದ್ದು ಒಂದೇ ಪಾತ್ರ ಎರಡು ಊರಿನ ಕನ್ನಡ ಮಾತಾಡುತ್ತಿದೆಯೇ ಎಂಬುದನ್ನು. ನಿರೂಪಣೆಯ ಕಾಗುಣಿತ, ಮಹಾಪ್ರಾಣದ ತಪ್ಪುಗಳನ್ನು ಅಂಚಿನಲ್ಲಿ ಗುರುತಿಸಿ ಕೊಟ್ಟರಾಯಿತು, ಸಭೆಯ ಹೊತ್ತು ಅದಕ್ಕೆ ಖರ್ಚಾಗಬಾರದು.

ಕೊನೆಯ ನಾಲ್ಕು ನಿಮಿಷ ಬರೆದವರದು. ಸಮರ್ಥನೆ ಬೇಡ, ಪ್ರಶ್ನೆ ಕೇಳಲಿ.

ಯಾರೂ ಬರೆದು ತರದ ತಿಂಗಳು

ಅಂಥ ತಿಂಗಳು ಬಂದೇ ಬರುತ್ತದೆ. ಸಭೆ ರದ್ದು ಮಾಡದೆ ಅಲ್ಲೇ ಕೂತು ಇಪ್ಪತ್ತು ನಿಮಿಷ ಬರೆಯಿರಿ. ಇಲ್ಲವೇ ಹಾಸನದ ಬಸ್ ನಿಲ್ದಾಣದಲ್ಲಿ ಕಾಲು ಗಂಟೆ ಕಿವಿಗೊಟ್ಟು ಕೂತು, ಬರೀ ಸಂಭಾಷಣೆಯಲ್ಲಿ ಒಂದು ಪುಟ. ಬರೆಯುವವರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ, ಬಿತ್ತನೆಗೆ ಆಲೂಗಡ್ಡೆ ಆರಿಸುವುದೋ ಶವಾಗಾರದ ರಿಜಿಸ್ಟರ್ ತುಂಬುವುದೋ, ಒಂದು ಭಾವನೆಯ ಪದವೂ ಇಲ್ಲದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿ ಬರುವುದೂ ಒಂದು ದಾರಿ. ಕ್ರಿ.ಶ. 450ರ ಸುಮಾರಿನದು ಎನ್ನುವ ಆ ಶಾಸನದ ಮೂಲ ಮೈಸೂರಿನಲ್ಲಿದೆ, ಊರಿನಲ್ಲಿರುವುದು ಪ್ರತಿಕೃತಿ. ಒಟ್ಟು ಹದಿನಾರೇ ಸಾಲು, ಅಷ್ಟರಲ್ಲಿ ರಾಜ, ಯುದ್ಧ, ದಾನ, ಶಾಪ ಎಲ್ಲ ಮುಗಿದಿದೆ. ನಿಮ್ಮ ಊರಿನ ಒಂದು ಜಮೀನಿನ ತಕರಾರನ್ನು ಹದಿನಾರು ಸಾಲಲ್ಲಿ ಬರೆಯಿರಿ ಎಂದರೆ ನಾಲ್ಕು ಪುಟ ಬರೆಯುವವರು ಒದ್ದಾಡುತ್ತಾರೆ. ಒದ್ದಾಡಲಿ.

ವರ್ಷದ ಏರಿಳಿತ

ಹಾಜರಿ ಕುಸಿದಾಗಲೆಲ್ಲ ಬಳಗ ಸತ್ತಿತು ಎಂದುಕೊಳ್ಳಬೇಡಿ, ಕ್ಯಾಲೆಂಡರ್ ನೋಡಿ. ನವೆಂಬರ್‌ನಿಂದ ಜನವರಿ ಅರೇಬಿಕಾ ಕಾಫಿಯ ಕೊಯ್ಲು, ಆಮೇಲೆ ಮಾರ್ಚ್‌ವರೆಗೆ ರೊಬಸ್ಟಾ. ಮಲೆನಾಡಿನ ಕಡೆಯವರು ಕಣ ಬಿಟ್ಟು ಬರುವುದಿಲ್ಲ. ಅದರ ಬೆನ್ನಿಗೇ ಕಾಫಿ ಹೂ ಅರಳಲು ಬೇಕಾದ ಹೂಮಳೆಯ ಚಿಂತೆ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ಮಾರ್ಚ್, ಏಪ್ರಿಲ್ ಪರೀಕ್ಷೆ ಮತ್ತು ಮೌಲ್ಯಮಾಪನ, ಮೇಷ್ಟ್ರುಗಳಿಲ್ಲ. ಮೇ ಮದುವೆ. ಮುಂಗಾರು ಹಿಡಿಯುವ ಹೊತ್ತಿಗೆ ಬಯಲುಸೀಮೆಯವರಿಗೆ ಬಿತ್ತನೆ, ಶಾಲೆಯವರಿಗೆ ದಾಖಲಾತಿ. ಜುಲೈನಲ್ಲಿ ಘಟ್ಟದ ಅಂಚಿನವರಿಗೆ ಮಳೆ. ಎಲ್ಲರೂ ಸಿಗುವುದು ಆಗಸ್ಟ್‌ನಿಂದ ಅಕ್ಟೋಬರ್. ಹಾಗಾಗಿ ವರ್ಷಕ್ಕೆ ಹನ್ನೆರಡು ಸಭೆ ಎಂದು ಘೋಷಿಸಿ ಐದು ತಪ್ಪಿಸುವುದಕ್ಕಿಂತ ಎಂಟು ಎಂದು ಹೇಳಿ ಎಂಟನ್ನೂ ನಡೆಸುವುದು ಲೇಸು. ಮಿಕ್ಕ ತಿಂಗಳುಗಳಲ್ಲಿ ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರದನ್ನು ಇನ್ನೊಬ್ಬರು ಓದಿ ಒಂದು ಪುಟ ಬರೆದು ಕಳಿಸಲಿ. ದೊಡ್ಡ ಕಥೆ, ಕಾದಂಬರಿಯ ಅಧ್ಯಾಯಗಳನ್ನು ಆಗಸ್ಟ್‌ಗೆ ಇಟ್ಟುಕೊಳ್ಳಿ.

ಕೆಡುವುದು ಎಲ್ಲಿ

ಮೊದಲನೆಯದು ಕವಿತೆಯ ಪ್ರವಾಹ. ನಾಲ್ಕನೇ ತಿಂಗಳ ಹೊತ್ತಿಗೆ ಎಲ್ಲರೂ ಕವಿತೆಯನ್ನೇ ತರುತ್ತಾರೆ, ಬೇಗ ಬರೆದು ಮುಗಿಯುತ್ತದಲ್ಲ. ಮೂರರಲ್ಲಿ ಒಂದು ಗದ್ಯ ಇರಲೇಬೇಕು ಎಂದು ಕಟ್ಟು ಮಾಡಿ. ಎಐ ಬರೆದುಕೊಟ್ಟದ್ದನ್ನು ತರುವವರಿಗೆ ಬಾಯಿಮಾತಿನ ಬುದ್ಧಿ ನಾಟುವುದಿಲ್ಲ, ಹಿಂದಿನ ಎರಡು ಕರಡು ತೋರಿಸಿ ಎಂದರೆ ಸಾಕು.

ಹಿರಿಯರೊಬ್ಬರು ಬಳಗವನ್ನು ಆವರಿಸಿಕೊಳ್ಳುವುದು ಇದಕ್ಕಿಂತ ದೊಡ್ಡ ಅಪಾಯ. ಅವರಿಗೆ ಓದು ಇದೆ, ಕೃತಿಗಳಿವೆ, ಬಿಡುವೂ ಇದೆ. ಅವರು ನಲವತ್ತು ನಿಮಿಷ ನವ್ಯ, ಬಂಡಾಯದ ಬಗ್ಗೆ ಮಾತಾಡುವಾಗ ತಡೆಯಲು ಯಾರಿಗೂ ಧೈರ್ಯವಿಲ್ಲ. ಮೊದಲ ದಿನದಿಂದಲೇ ಫೋನಿನಲ್ಲಿ ಮೂರು ನಿಮಿಷದ ಟೈಮರ್ ಇಟ್ಟರೆ ಅದು ಎಲ್ಲರಿಗೂ ಅನ್ವಯಿಸುವ ನಿಯಮವಾಗುತ್ತದೆ, ಆರು ತಿಂಗಳ ನಂತರ ಇಟ್ಟರೆ ಒಬ್ಬರಿಗೆ ಮಾಡಿದ ಅವಮಾನ. ಹಾಗೆಂದು ಅವರ ಜ್ಞಾನ ದಂಡವಾಗಬೇಕಿಲ್ಲ. ವರ್ಷಕ್ಕೆ ಎರಡು ಸಭೆಯಲ್ಲಿ ಒಂದೊಂದು ಗಂಟೆ ಅವರಿಗೇ ಬಿಡಿ, ಒಂದೇ ಕಥೆಯನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಲಿ. ಇನ್ನೊಂದು ಶರತ್ತು: ಅವರೂ ಸರದಿಯಂತೆ ತಮ್ಮ ಹೊಸ ಬರಹ ತರಬೇಕು. ತಾವು ಬರೆಯದೆ ಬೇರೆಯವರದ್ದನ್ನು ತಿದ್ದುವವರಿಗೆ ಬಳಗದಲ್ಲಿ ಕುರ್ಚಿ ಇರಬಾರದು.

ಆಮೇಲೆ ವೇದಿಕೆ. ರಾಜ್ಯೋತ್ಸವಕ್ಕೆ ತಾಲ್ಲೂಕು ಆಡಳಿತದಿಂದಲೋ ಸಂಘದಿಂದಲೋ “ನಿಮ್ಮ ಬಳಗದಿಂದ ಹತ್ತು ಕವಿಗಳನ್ನು ಕೊಡಿ” ಎಂದು ಫೋನ್ ಬರುತ್ತದೆ. ಆ ಹತ್ತರಲ್ಲಿ ಯಾರು ಎಂಬ ಪ್ರಶ್ನೆಯೇ ಮೊದಲ ಬಿರುಕು. ಆಮೇಲೆ ಫ್ಲೆಕ್ಸಿನಲ್ಲಿ ಯಾರ ಫೋಟೋ ಮೇಲೆ, ಯಾರದು ಕೆಳಗೆ. ವರ್ಷ ತುಂಬಿದಾಗ ವಾರ್ಷಿಕೋತ್ಸವ ಮಾಡೋಣ ಎನ್ನುತ್ತಾರೆ, ಸಭಾಂಗಣ, ಅತಿಥಿಗಳು, ಶಾಲು, ಫಲತಾಂಬೂಲ, ಊಟ. ಅದಕ್ಕೆ ಎರಡು ತಿಂಗಳ ಓಡಾಟ, ಹಸ್ತಪ್ರತಿ ಯಾರೂ ಮುಟ್ಟುವುದಿಲ್ಲ. ಸದಸ್ಯರು ತಮ್ಮ ಹೆಸರಿನಲ್ಲಿ ಎಲ್ಲಿ ಬೇಕಾದರೂ ಓದಲಿ, ಬಳಗದ ಹೆಸರಿನಲ್ಲಿ ಯಾವ ವೇದಿಕೆಗೂ ಪಟ್ಟಿ ಹೋಗುವುದಿಲ್ಲ ಎಂದು ತೀರ್ಮಾನಿಸಿ. ಕೇಳಿದವರಿಗೆ ಸಿಟ್ಟು ಬರುತ್ತದೆ, ಒಂದು ವರ್ಷಕ್ಕೆ ಮರೆಯುತ್ತಾರೆ.

ಒಬ್ಬರ ಕಥೆ ಪತ್ರಿಕೆಯಲ್ಲಿ ಬಂದು ಉಳಿದವರದು ಬಾರದಿದ್ದಾಗ ಮೌನ ಆವರಿಸುತ್ತದೆ. ಇದಕ್ಕೆ ಮದ್ದು ಅಭಿನಂದನಾ ಸಭೆಯಲ್ಲ. ಆ ಕಥೆಯ ಮೊದಲ ಕರಡು ಮತ್ತು ಅಚ್ಚಾದ ರೂಪ ಎರಡನ್ನೂ ಮುಂದಿನ ಸಭೆಯಲ್ಲಿ ಪಕ್ಕಪಕ್ಕ ಇಟ್ಟು ಓದಿ. ಏನು ಬದಲಾಯಿತು, ಯಾರ ಮಾತಿನಿಂದ ಬದಲಾಯಿತು ಎಂಬುದು ಎಲ್ಲರಿಗೂ ಕಾಣುತ್ತದೆ.

ವಾಟ್ಸ್ಯಾಪ್ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಮಾಡಿ, ದಿನಾಂಕ ಮತ್ತು ಪಿಡಿಎಫ್ ಬಿಟ್ಟು ಏನೂ ಬೇಡ. ಶುಭೋದಯ ಸಂದೇಶಗಳ ನಡುವೆ ಹಸ್ತಪ್ರತಿ ಹುಡುಕುವುದು ಯಾರಿಗೂ ಆಗದ ಕೆಲಸ. ಇನ್ನೊಂದು ವಿಷಯ ಗಂಭೀರ. ‘ನಿಮ್ಮ ಕವಿತೆ ಓದಿ ನಿದ್ದೆ ಬರಲಿಲ್ಲ’ ಎಂದು ರಾತ್ರಿ ಹನ್ನೊಂದಕ್ಕೆ ಹೆಣ್ಣುಮಕ್ಕಳಿಗೆ ಖಾಸಗಿ ಸಂದೇಶ ಕಳಿಸುವವರು ಇರುತ್ತಾರೆ. ಹೆಂಗಸರು ಕಾರಣ ಹೇಳದೆ ಬರುವುದನ್ನು ಬಿಡುತ್ತಾರೆ, ಉಳಿದವರು ‘ಮನೆಯಲ್ಲಿ ಕೆಲಸವಿರಬೇಕು’ ಎಂದುಕೊಳ್ಳುತ್ತಾರೆ. ದೂರು ಹೇಳಲು ಇಬ್ಬರನ್ನು ಮೊದಲೇ ಗೊತ್ತುಮಾಡಿ, ಒಬ್ಬರು ಹೆಂಗಸಾಗಿರಲಿ. ಮೊದಲ ದೂರು ನಿಜವೆಂದು ಕಂಡರೆ ಅಲ್ಲಿಗೇ ಹೊರಗೆ. ಎಚ್ಚರಿಕೆ ಕೊಟ್ಟು ನೋಡೋಣ ಎಂದು ಕೂತರೆ ಅಷ್ಟರಲ್ಲಿ ಮೂವರು ಹೊರಟಿರುತ್ತಾರೆ.

ಹೊರಗೆ ಕಳಿಸುವುದು, ಅಚ್ಚು ಹಾಕುವುದು

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು, ದೀಪಾ ಭಾಸ್ತಿ ಅವರ ಅನುವಾದದ ಮೂಲಕ. ಹೊಸಬರು ಮೊದಲ ಸಭೆಯಲ್ಲೇ ಅನುವಾದಕರು ಸಿಗುತ್ತಾರಾ ಎಂದು ಕೇಳಿದರೆ ನಗಬೇಡಿ, ಪ್ರಶಸ್ತಿ ತಂದ ಆ ಕಥೆಗಳು ಮೂರು ದಶಕಗಳ ಅವಧಿಯಲ್ಲಿ ಬರೆದವು ಎಂದು ತಿಳಿಸಿದರೆ ಸಾಕು.

ಮಾಸಪತ್ರಿಕೆ, ಭಾನುವಾರದ ಪುರವಣಿ, ದೀಪಾವಳಿ ವಿಶೇಷಾಂಕದ ಸ್ಪರ್ಧೆ ಎಲ್ಲಕ್ಕೂ ಅಪ್ರಕಟಿತ ಬರಹವೇ ಬೇಕು. ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಪ್ರಕಟಿತ ಎಂದೇ ಎಣಿಸುವವರು ಹೆಚ್ಚು. ಬಳಗದ ಪಿಡಿಎಫ್ ಹೊರಗಿನವರಿಗೆ ಫಾರ್ವರ್ಡ್ ಆಗಬಾರದು ಎನ್ನುವುದು ಇದಕ್ಕೂ ಸೇರಿ. ದೀಪಾವಳಿ ಸ್ಪರ್ಧೆಗಳ ಕೊನೆಯ ದಿನ ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ಇರುವುದರಿಂದ ಕಥೆ ಬೇಸಿಗೆಯಲ್ಲೇ ತಯಾರಾಗಬೇಕು. ಒಂದು ಬರಹ ಒಂದು ಸಲಕ್ಕೆ ಒಂದೇ ಕಡೆ. ಎಲ್ಲಿಗೆ, ಯಾವ ದಿನ, ಉತ್ತರ ಏನು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಮೂರು ತಿಂಗಳು ಕಾದು ಒಂದು ಜ್ಞಾಪನೆ ಕಳಿಸಿ, ಆಮೇಲೆ ಬೇರೆ ಕಡೆ. ಹಕ್ಕಿನ ವಿಷಯದಲ್ಲಿ ಗೊಂದಲ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಬೇಕಿಲ್ಲ. ಆದರೆ ರಕ್ಷಣೆ ಇರುವುದು ಬರೆದ ರೂಪಕ್ಕೆ, ಕಥೆಯ ಐಡಿಯಾಕ್ಕಲ್ಲ.

ಎರಡನೇ ವರ್ಷ ಸಂಕಲನದ ಆಸೆ ಹುಟ್ಟುತ್ತದೆ. ಮೊದಲು ಜೆರಾಕ್ಸ್ ಕಿರುಹೊತ್ತಗೆ ಮಾಡಿ: ಎಂಟು ಎ4 ಹಾಳೆ, ಎರಡೂ ಬದಿ, ನಡುವೆ ಮಡಿಸಿದರೆ 32 ಪುಟ. ಪುಟಗಳು ನಾಲ್ಕರ ಗುಣಕವಾಗಿರಬೇಕು. ಮಾಮೂಲಿ ಸ್ಟೇಪ್ಲರ್ ಮಡಿಕೆಯವರೆಗೆ ತಲುಪುವುದಿಲ್ಲ, ಉದ್ದ ಕೈಯದು ಬೇಕು, ಜೆರಾಕ್ಸ್ ಅಂಗಡಿಯಲ್ಲಿ ಇರುತ್ತದೆ. ಐವತ್ತು ಪ್ರತಿ ಸಾಕು. ಪುಸ್ತಕವೇ ಬೇಕೆಂದರೆ ಡೆಮಿ 1/8 ಆಕಾರ (ಕನ್ನಡ ಪುಸ್ತಕಗಳ ಮಾಮೂಲಿ ಅಳತೆ), ಹದಿನಾರು ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಹಾಳೆ. 112 ಪುಟವೆಂದರೆ ಏಳು ಫಾರಂ, 115 ಆದರೆ ಎಂಟನೆಯದರ ಖರ್ಚು ಬಿತ್ತು, ಹದಿಮೂರು ಪುಟ ಖಾಲಿ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೆ ದುಡ್ಡಿಲ್ಲ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್ ಅರ್ಜಿ ಹಾಕಿದರೆ ಸಿಗುತ್ತದೆ, ಇದಕ್ಕೆಂದು ಹಣ ಕೇಳುವವರನ್ನು ನಂಬಬೇಡಿ. ಒಬ್ಬರದೇ ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ಗಮನಿಸುತ್ತಿರಿ. ಸಂಕಲನಕ್ಕೆ ಆಯ್ಕೆಯನ್ನು ಬಳಗದ ಹೊರಗಿನ ಇಬ್ಬರು, ಹೆಸರು ತೆಗೆದ ಪ್ರತಿ ಓದಿ ಮಾಡಲಿ. ಒಳಗಿನವರು ಮಾಡಿದರೆ ಸಂಕಲನ ಹೊರಬರುತ್ತದೆ, ಬಳಗ ಹೋಗುತ್ತದೆ.

ದುಡ್ಡು, ನೋಂದಣಿ, ಸಂಚಾಲಕರು

ಸಭೆಗೆ ಬಂದವರು ತಲಾ 50 ರೂಪಾಯಿ ಹಾಕಿದರೆ ಕಾಫಿ, ಬಿಸ್ಕತ್ತು, ಜೆರಾಕ್ಸ್ ಕಳೆದು ಸ್ವಲ್ಪ ಉಳಿಯುತ್ತದೆ. ವಿದ್ಯಾರ್ಥಿಗಳಿಗೆ ಬೇಡ. ಮೂರು ತಿಂಗಳಿಗೊಮ್ಮೆ ಲೆಕ್ಕ ಓದಿ ಹೇಳಿ, ಉಳಿದದ್ದು 85 ರೂಪಾಯಿಯಾದರೂ ಸರಿ.

ನೋಂದಣಿಗೆ ಅವಸರ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಂತೆ ಕನಿಷ್ಠ ಏಳು ಜನ ಬೇಕು, ಬೈಲಾ ಬೇಕು, ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಸರ್ಕಾರದ ಅನುದಾನ ಕೇಳುವುದಿದ್ದರೆ ಮಾತ್ರ ಇದರ ಉಪಯೋಗ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಮೂರು ಕುರ್ಚಿ ಹುಟ್ಟಿದ ಮೇಲೆ ಅವುಗಳ ಸುತ್ತ ಏನೇನು ನಡೆಯುತ್ತದೆ ಎಂಬುದು ಹಾಲಿನ ಸೊಸೈಟಿ ಇರುವ ಯಾವ ಊರಿನವರಿಗೂ ಗೊತ್ತು.

ಸಂಚಾಲಕರು ಆರು ತಿಂಗಳಿಗೊಮ್ಮೆ ಬದಲಾಗಲಿ. ಕೆಲಸ ಇಷ್ಟೇ: ಸರದಿಯ ಪಟ್ಟಿ, ಕೊಠಡಿಯ ಬೀಗದ ಕೈ, ಪಿಡಿಎಫ್ ಹಂಚುವುದು, ಗಡಿಯಾರ ನೋಡುವುದು. ಹಾಜರಿ, ಓದಿದ ಬರಹ, ಹಣ ಮೂರನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನವರಿಗೆ ಸಭೆಯಲ್ಲೇ ದಾಟಿಸಬೇಕು. ಒಬ್ಬರೇ ಮೂರು ವರ್ಷ ಹೊತ್ತರೆ ಅವರಿಗೆ ವರ್ಗವಾದ ತಿಂಗಳು ಎಲ್ಲವೂ ನಿಲ್ಲುತ್ತದೆ.

ನಿಂತುಹೋದರೆ

ಸತತ ಮೂರು ಸಭೆಗೆ ನಾಲ್ಕಕ್ಕಿಂತ ಕಡಿಮೆ ಜನ ಬಂದರೆ ಎಳೆದಾಡಬೇಡಿ. ನಾಲ್ಕು ತಿಂಗಳ ಬಿಡುವು, ಇಂಥ ತಿಂಗಳ ಎರಡನೇ ಶನಿವಾರ ಮತ್ತೆ ಸೇರುವುದು ಎಂದು ದಿನಾಂಕ ಹೇಳಿಯೇ ನಿಲ್ಲಿಸಿ. ಬಿಟ್ಟುಹೋದವರಿಗೆ ಒಬ್ಬರು ಫೋನ್ ಮಾಡಿ ಕಾರಣ ಕೇಳಿ ಬರೆದುಕೊಳ್ಳಲಿ, ವಾದ ಮಾಡಬಾರದು. ಹೊತ್ತು ಆಗಿಬರಲಿಲ್ಲ ಎಂದವರೇ ಹೆಚ್ಚಿದ್ದರೆ ಹೊತ್ತು ಬದಲಿಸಿ, ಒಬ್ಬರ ಹೆಸರೇ ಮತ್ತೆ ಮತ್ತೆ ಬಂದರೆ ಸಮಸ್ಯೆ ಎಲ್ಲಿದೆ ಎಂದು ತಿಳಿಯಿತು.

ಮತ್ತೆ ಶುರುಮಾಡುವಾಗ ಹಳೆಯ ಗ್ರೂಪಿಗೆ ‘ಎಲ್ಲರಿಗೂ ನಮಸ್ಕಾರ’ ಎಂದು ಸಂದೇಶ ಹಾಕಬೇಡಿ. ಅದು ಎಲ್ಲರಿಗೂ ತಲುಪಿ ಯಾರಿಗೂ ತಾಗುವುದಿಲ್ಲ. ಬರೆಯುವುದನ್ನು ಬಿಡದ ನಾಲ್ವರನ್ನು ಆರಿಸಿ ಒಬ್ಬೊಬ್ಬರಿಗೇ ಫೋನ್ ಮಾಡಿ. ಕೇಳಬೇಕಾದದ್ದು ‘ಬರ್ತೀರಾ?’ ಎಂದಲ್ಲ, ‘ಈಗ ಏನು ಬರೀತಿದ್ದೀರಿ, ಎಷ್ಟು ಪುಟ ಆಯ್ತು, ಯಾವತ್ತು ಕಳಿಸ್ತೀರಿ?’ ಎಂದು. ಇಬ್ಬರಾದರೂ ಪುಟ ಕಳಿಸಿದ ಮೇಲೆ ಮುಖ್ಯ ಶಿಕ್ಷಕರಿಗೆ ಕೊಠಡಿಯ ಮನವಿ ಬರೆಯಿರಿ.